ಹೊಗೆಗೆ ಹೋದ ಕೋಕೋ

ಗಂಡನ ಬಾಯಿ ನೆಟ್ಟಗಿದೆಯೇ ಎಂದು ನೋಡುವುದರಿಂದ ನನ್ನ ಚಿಕ್ಕಮ್ಮ ಒಲೊವಿಲಿಯ ದಿನ ಶುರುವಾಗುತ್ತಿತ್ತು. ರೆಂಗಿಫೋ ತೂಗುಮಂಚದಿಂದ ಇಳಿದರೆ ಸಾಕು, ಕೈಯಲ್ಲಿದ್ದ ಹೊಲಿಗೆ ಕೆಳಗಿಟ್ಟು ಅವನ ತುಟಿಯ ಎರಡೂ ತುದಿಗಳನ್ನು ದಿಟ್ಟಿಸುತ್ತಿದ್ದಳು.

"ಏನೇ ಹಂಗೆ ನೋಡ್ತೀಯ? ಮೀಸೆ ಬಂತಾ?"

"ನಗು, ನೋಡೋಣ."

"ಎದ್ದೇಳ್ತಿದ್ದಂಗೇ ನಗೋಕೆ ನನಗೇನು ಹುಚ್ಚಾ?" ಎನ್ನುತ್ತ ಅವನು ನಗುತ್ತಿದ್ದ. ನಗು ಎರಡೂ ಕಡೆ ಸಮನಾಗಿ ಹರಡಿದ ಮೇಲೆಯೇ ಅವಳು ಒಲೆ ಹೊತ್ತಿಸುತ್ತಿದ್ದಳು.

ಆ ಹೆದರಿಕೆ ಬಂದದ್ದು ನನ್ನ ಅಪ್ಪನಿಂದ. ಪನಾಮಾ ನಗರದಾಚೆಯ ಇದೇ ಗುಡ್ಡದ ಮೇಲೆ, ಹೋಟೆಲಿನ ಪಾತ್ರೆ ತೊಳೆದು ಮನೆಗೆ ಬಂದವನು ನನ್ನ ಹೆಸರು ಹಿಡಿದು ಕರೆಯಹೋದ. ಅರ್ಧ ಹೆಸರಿಗೇ ಬಾಯಿ ವಾಲಿತು. ಅಷ್ಟೇ, ಹೋಗಿಬಿಟ್ಟ. ಅಮ್ಮ ನಮ್ಮ ಹುಟ್ಟೂರಾದ ದ್ವೀಪಕ್ಕೆ ಮರಳಿದಳು, ನಾನು ಚಿಕ್ಕಮ್ಮನ ಬಳಿ ಉಳಿದೆ.

ದ್ವೀಪದಲ್ಲಿ ಯಾರೂ ಹಾಗೆ ಸಾಯುತ್ತಿರಲಿಲ್ಲ ಎನ್ನುತ್ತಿದ್ದಳು ಚಿಕ್ಕಮ್ಮ. ಅವಳು ಹುಡುಗಿಯಾಗಿದ್ದಾಗ ಪರದೇಶದ ವೈದ್ಯರು ದೋಣಿಯಲ್ಲಿ ಬಂದು, ನಮ್ಮ ಹೆಂಗಸರು ಕಾಲಿಗೆ ಮಣಿಸರ ಸುತ್ತಿಕೊಳ್ಳುವಷ್ಟೇ ಬಿಗಿಯಾಗಿ ಮುದುಕರ ತೋಳಿಗೆ ಪಟ್ಟಿ ಸುತ್ತಿ ನೋಡಿದ್ದರಂತೆ. ಹಣ್ಣುಹಣ್ಣು ಅಜ್ಜಂದಿರ ರಕ್ತದೊತ್ತಡ ಹುಡುಗರಷ್ಟೇ ಇತ್ತು. ಏನು ಕುಡಿಯುತ್ತೀರಿ ಎಂದು ಕೇಳಿದರು. ಕೋಕೋ ಎಂದರು ಅಜ್ಜಂದಿರು. ಅಂದಿನಿಂದ ನಮ್ಮವರಿಗೆ ಅದೊಂದು ಹೆಮ್ಮೆ.

ರೆಂಗಿಫೋನ ಒತ್ತಡ ಏರಿದೆ ಎಂದು ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಕೊಟ್ಟಾಗ ಚಿಕ್ಕಮ್ಮ ಬೇಡವೆನ್ನಲಿಲ್ಲ. ಆದರೆ ನಂಬಿದ್ದು ಅಮ್ಮ ದ್ವೀಪದಿಂದ ಕಳಿಸುತ್ತಿದ್ದ ಕೋಕೋ ಬೀಜಗಳನ್ನು. ಹುರಿದು, ಅರೆದು, ಬೆಂದ ಬಾಳೆಹಣ್ಣಿನ ಜೊತೆ ಕಿವುಚಿ, ಎರಡು ಹೊತ್ತೂ ಸೋರೆಬುರುಡೆಯ ತುಂಬ ಕುಡಿಸುತ್ತಿದ್ದಳು.

ಒಂದು ದಿನ ಸ್ನಾನ ಮಾಡುತ್ತಿದ್ದವನಿಗೆ ತಲೆ ಸುತ್ತಿತು. ಚಿಕ್ಕಮ್ಮ ಓಡಿಹೋಗಿ, ಹಾಡಿ ರೋಗ ಬಿಡಿಸುವ ನಮ್ಮವರ ಅಜ್ಜನನ್ನು ಕರೆತಂದಳು. ಅಜ್ಜ ತೂಗುಮಂಚದ ಕೆಳಗೆ ಮರದ ಗೊಂಬೆಗಳನ್ನು ನಿಲ್ಲಿಸಿ, ಅಗ್ಗಿಷ್ಟಿಕೆಯ ಕೆಂಡಕ್ಕೆ ಕೋಕೋ ಬೀಜ ಸುರಿದು, ದಾರಿ ತಪ್ಪಿದ ಜೀವವನ್ನು ಹಿಂದಕ್ಕೆ ಕರೆಯತೊಡಗಿದ. ಹಾಡು ಮುಗಿಯುವ ತನಕ ಹೊಗೆ ಆರುವಂತಿಲ್ಲ. ಹಾಡು ಉದ್ದವಾಗಿತ್ತು. ಚಿಕ್ಕಮ್ಮ ಹಿಡಿಹಿಡಿಯಾಗಿ ಹಾಕಿದಳು. ಕೊನೆಗೆ ಬುಟ್ಟಿಯನ್ನೇ ಬೋರಲು ಹಾಕಿ ತಟ್ಟಿದಳು.

ರೆಂಗಿಫೋ ಎದ್ದು ಕೂತ. ಬೀಜ ಮುಗಿದಿತ್ತು. ಅದು ಗಾಳಿಯ ತಿಂಗಳು, ದ್ವೀಪದ ದೋಣಿಗಳು ಹೊರಡುತ್ತಿರಲಿಲ್ಲ.

ಮರುದಿನ ಅವಳು ಅಂಗಡಿಯಿಂದ ಕೋಕೋ ಪುಡಿಯ ಡಬ್ಬ ತಂದು ಚಿಂದಿ ಬಟ್ಟೆಯ ಗಂಟಿನಲ್ಲಿ ಬಚ್ಚಿಟ್ಟಳು. "ಅವನಿಗೆ ಹೇಳ್ಬೇಡ ಕಣೇ. ಬೀಜ ಇಲ್ಲ ಅಂತ ಗೊತ್ತಾದ್ರೆ ಹೆದರ್ತಾನೆ. ಹೆದರಿದ್ರೆ ಎದೆ ಇನ್ನೂ ಜೋರಾಗಿ ಹೊಡ್ಕೊಳ್ಳುತ್ತೆ."

"ಇದೇನೇ, ಇಷ್ಟು ಸಿಹಿ?" ಎಂದು ಅವನು ಕೇಳಿದರೆ, "ಬಾಳೆಹಣ್ಣು ಚೆನ್ನಾಗಿ ಕಳಿತಿದೆ" ಎನ್ನುವಳು. ಅವನು ಕುಡಿದು ತುಟಿ ಒರೆಸಿಕೊಂಡು ಕೆಲಸಕ್ಕೆ ಹೋಗುವನು. ಅವಳು ಬಾಗಿಲಲ್ಲೇ ನಿಂತಿರುವಳು. ರಸ್ತೆಯಲ್ಲಿ ಯಾರಾದರೂ ಜೋರಾಗಿ ಕೂಗಿದರೆ ಅವಳ ಕೈಯ ಸೂಜಿ ಬೆರಳಿಗೆ ಚುಚ್ಚುವುದು.

ದೋಣಿಗಳಿನ್ನೂ ಬಂದಿರಲಿಲ್ಲ. ಒಂದು ಬೆಳಿಗ್ಗೆ ಎಂದಿನಂತೆ ನಗು ಎಂದಳು. ಅವನು ನಕ್ಕ.

"ಇನ್ನೊಂದ್ಸಲ ನಗು."

ಬಲಗಡೆಯ ತುದಿ ಏಳಲಿಲ್ಲ.

ಅವನನ್ನು ನಡುವೆ ಹಿಡಿದುಕೊಂಡು ನಾವಿಬ್ಬರೂ ಗುಡ್ಡ ಇಳಿದೆವು. ಆರೋಗ್ಯ ಕೇಂದ್ರದ ನರ್ಸ್ ಬ್ರಿಸೇಯ್ದಾ ನಮ್ಮವಳೇ. ಪಟ್ಟಿ ಸುತ್ತಿ ನೋಡಿದವಳ ಮುಖ ಕಪ್ಪಿಟ್ಟಿತು. ಆಂಬುಲೆನ್ಸಿಗೆ ಫೋನು ಮಾಡಿ ಬಂದು, "ಮಾತ್ರೆ ತಗೋತಿದ್ದೀಯಾ ಮಾವ?" ಎಂದಳು.

ಅವನು ತೊದಲಿದ. "ಇಲ್ಲಮ್ಮ... ಅಜ್ಜ ಹಾಡಿದ ದಿನದಿಂದ ಇಲ್ಲ. ಅದು ತಗೊಂಡ್ರೆ ಬಸ್ಸಲ್ಲಿ ಉಚ್ಚೆ ತಡೆಯೋಕಾಗಲ್ಲ... ಕೋಕೋ ಕುಡೀತಿದ್ನಲ್ಲ. ಎರಡು ಹೊತ್ತೂ. ಸಾಕು ಅಂದ್ಕೊಂಡೆ."

ಚಿಕ್ಕಮ್ಮ ಗೋಡೆಗೆ ಆತುಕೊಂಡಳು. "ಅದು ಕೋಕೋ ಅಲ್ಲ ಕಣೋ," ಎಂದಳು. "ಡಬ್ಬದ್ದು. ಬೀಜ ಎಲ್ಲಾ ಹೊಗೆಗೆ ಹೋಯ್ತು."

"ಡಬ್ಬದಲ್ಲಿರೋದು ಹೆಚ್ಚುಕಮ್ಮಿ ಸಕ್ಕರೆ, ಅಕ್ಕಾ," ಎಂದಳು ಬ್ರಿಸೇಯ್ದಾ. ಬೈಯುವ ದನಿ ಇರಲಿಲ್ಲ. "ಬೀಜದ ಕೋಕೋ ರಕ್ತನಾಳಕ್ಕೆ ಒಳ್ಳೇದು ಅಂತಾರೆ, ಸುಳ್ಳಲ್ಲ. ಆದ್ರೆ ಮಾತ್ರೆ ಬಿಡಿಸೋಷ್ಟು ಶಕ್ತಿ ಅದಕ್ಕೂ ಇಲ್ಲ. ದ್ವೀಪದಲ್ಲಿ ನಮ್ಮ ಅಜ್ಜಂದಿರು ದಿನಾ ದೋಣಿಗೆ ಹುಟ್ಟು ಹಾಕಿ ತೋಟಕ್ಕೆ ಹೋಗ್ತಿದ್ರು, ಹಸಿ ಮೀನು ಬೇಯಿಸಿ ತಿಂತಿದ್ರು. ನಾವು ಕೋಕೋ ಒಂದನ್ನೇ ನೆನಪಿಟ್ಕೊಂಡ್ವಿ."

ರೆಂಗಿಫೋ ಬದುಕಿದ. ಗಾಳಿ ಇಳಿದು ದೋಣಿಗಳು ಬಂದವು, ಬೀಜವೂ ಬಂತು. ಈಗ ಚಿಕ್ಕಮ್ಮ ಮೊದಲು ಮಾತ್ರೆಯನ್ನು ಅವನ ನಾಲಿಗೆಯ ಮೇಲಿಡುತ್ತಾಳೆ, ನುಂಗಿದ್ದನ್ನು ಬಾಯಿ ತೆರೆಸಿ ನೋಡುತ್ತಾಳೆ, ಆಮೇಲೆ ಸಕ್ಕರೆಯಿಲ್ಲದ ಕೋಕೋ.

"ಕಹಿ ಕಣೇ," ಎನ್ನುತ್ತಾನೆ.

"ನಗು, ನೋಡೋಣ."

ಅವನು ನಗುತ್ತಾನೆ. ಬಲಗಡೆಯ ತುದಿ ತುಸು ತಡವಾಗಿ ಏಳುತ್ತದೆ. ಅದು ಏಳುವ ತನಕ ಚಿಕ್ಕಮ್ಮನೂ ನಾನೂ ಉಸಿರು ಬಿಡುವುದಿಲ್ಲ.