ತೊಗಲು ಹೊದಿಸಿದ ರೊಟ್ಟಿ

ಅನಗವಾಡಿಯ ಯಲ್ಲವ್ವನಿಗೆ ಕುರಿಗಳ ವಿಷಯದಲ್ಲಿ ತಿಳಿಯದ್ದು ಕಡಿಮೆ. ಮರಿ ಸತ್ತ ಕುರಿಗೆ ತಬ್ಬಲಿ ಮರಿಯನ್ನು ಒಗ್ಗಿಸಬೇಕಾದರೆ ಸತ್ತ ಮರಿಯ ತೊಗಲನ್ನು ತಬ್ಬಲಿಯ ಮೈಮೇಲೆ ಹೊದಿಸುತ್ತಾಳೆ. ಕುರಿ ಮೂಸಿ ನೋಡಿ, ತನ್ನದೇ ಮರಿಯೆಂದು ಹಾಲು ಕುಡಿಸುತ್ತದೆ. ಮದುವೆಯಾಗಿ ಬಂದಾಗಿನಿಂದ ಈ ಉಪಾಯ ಒಮ್ಮೆಯೂ ಹುಸಿಹೋಗಿರಲಿಲ್ಲ.

ಹುಸಿಹೋದದ್ದು 2009ರಲ್ಲಿ, ಮೊಮ್ಮಗಳು ರಂಜನಾಳ ಮುಂದೆ.

ರಂಜನಾಳಿಗೆ ಆರು ವರ್ಷ. ಮಾತು ಕಡಿಮೆ. ತಿನ್ನುತ್ತಿದ್ದುದು ಗರಿಗರಿಯಾದ ಜೋಳದ ಕಟಿರೊಟ್ಟಿ ಮಾತ್ರ. ಅನ್ನ, ಬೇಳೆ, ಹಾಲು ಕಂಡರೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದಳು. ಬಾಗಲಕೋಟೆಯ ಡಾಕ್ಟರು ಆಟಿಸಂ ಎಂದರು. ತೂಕ ಹದಿಮೂರು ಕಿಲೋಗೆ ಇಳಿದಿದೆ, ಇನ್ನೂ ಇಳಿದರೆ ಮೂಗಿನಲ್ಲಿ ನಳಿಗೆ ಹಾಕಿ ಉಣಿಸಬೇಕಾದೀತು ಎಂದೂ ಹೇಳಿದರು. ‘ಒತ್ತಾಯ ಬ್ಯಾಡ. ಹೊಸದನ್ನ ಬಾಜೂಕ ಇಡ್ರಿ. ಬಾಯಿ ನೋಡಕೋತ ಕುಂದ್ರಬ್ಯಾಡ್ರಿ.’

ಯಲ್ಲವ್ವ ಬಾಜುವಿನಲ್ಲಿ ಇಡಲಿಲ್ಲ. ಬೆಂದ ಬೇಳೆಯನ್ನು ಅರೆದು ಹಿಟ್ಟಿನಲ್ಲಿ ಕಲಸಿ, ತೆಳ್ಳಗೆ ಬಡಿದು ಬೇಯಿಸಿದಳು. ‘ತೊಗಲ ಹೊಚ್ಚೇನಿ ನೋಡ’ ಎಂದು ಸೊಸೆ ಮಾಲಾಳಿಗೆ ಕಣ್ಣು ಮಿಟುಕಿಸಿದಳು.

ರಂಜನಾ ರೊಟ್ಟಿಯನ್ನು ಮೂಗಿಗೆ ಹಿಡಿದು ಕೆಳಗಿಟ್ಟಳು. ಅಲ್ಲಿಂದ ಎರಡು ದಿನ ಯಾವ ರೊಟ್ಟಿಯನ್ನೂ ಮುಟ್ಟಲಿಲ್ಲ.

‘ಇದ್ದ ಒಂದ ಕೂಳೂ ಕಳದ್ರಲ್ಲ, ಅತ್ತಿ!’ ಮಾಲಾ ಅತ್ತಳು.

‘ಖರೆ ಬೇ. ಕುರಿ ಮೋಸ ಹೋಗತೈತಿ, ಇಕಿ ಹೋಗಲಿಲ್ಲ. ಬೊಗಸಿ ಹಿಟ್ಟಿನ್ಯಾಗ ಚಿಟಿಕಿ ಬ್ಯಾಳಿ ಹಿಡದಾಳ. ಏನ ಮೂಗ ಅದು!’

ಮೂರನೆಯ ದಿನ ಮೊಮ್ಮಗಳನ್ನು ಒಲೆಯ ಬಳಿ ಕೂರಿಸಿಕೊಂಡಳು. ಹಿಟ್ಟು ಮೂಸಲು ಕೊಟ್ಟಳು, ನೀರೂ ಮೂಸಲು ಕೊಟ್ಟಳು. ಅವಳ ಕಣ್ಣೆದುರೇ ರೊಟ್ಟಿ ಬಡಿದಳು. ರಂಜನಾ ತಿಂದಳು.

ಆಮೇಲೆ ದಿನವೂ ಪಕ್ಕದಲ್ಲಿ ಬೇರೊಂದು ತಾಟು, ಅದರಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಚೂರು. ರುಚಿ ಬೇರೆ, ಆದರೆ ಅಷ್ಟೇ ತೆಳು, ಮುರಿದರೆ ಅದೇ ಸಪ್ಪಳ. ಮೊದಮೊದಲು ರಂಜನಾ ತಾಟನ್ನೇ ದೂಡಿದಳು. ಹತ್ತು ದಿನಕ್ಕೆ ಅಲ್ಲಿರಲು ಬಿಟ್ಟಳು. ಮುಂದೆ ಎಳ್ಳನ್ನು ಒಂದೊಂದೇ ಬಿಡಿಸಿ ಸಾಲಾಗಿ ಜೋಡಿಸಿದಳು. ಒಮ್ಮೆ ನೆಕ್ಕಿ ಉಗುಳಿದಳು. ಯಲ್ಲವ್ವ ಮಾತ್ರ ಗೋಡೆಗೆ ಮುಖ ಮಾಡಿ ತನ್ನ ಪಾಲಿನ ಸಜ್ಜೆ ರೊಟ್ಟಿ ತಿನ್ನುತ್ತ ಕೂತಿರುತ್ತಿದ್ದಳು.

ನಲವತ್ತನೆಯ ದಿನವೋ ಏನೋ, ಬೆನ್ನ ಹಿಂದೆ ಕಟಕ್ ಎಂದಿತು. ಮಾಲಾ ಬಾಗಿಲಲ್ಲೇ ನಿಂತುಬಿಟ್ಟಳು.

‘ಅತ್ತಿ, ಸಜ್ಜಿ ರೊಟ್ಟಿ...’

ಯಲ್ಲವ್ವ ತಿರುಗಲಿಲ್ಲ. ಕೈಯೆತ್ತಿ ತಡೆದಳು.

‘ಸುಮ್ಕಿರ ಬೇ. ಕೇಳಾಕತ್ತೇನಿ.’

ಮತ್ತೊಮ್ಮೆ ಕಟಕ್ ಎಂದಿತು. ಆಮೇಲೆ ನಿಧಾನವಾಗಿ ಅಗಿಯುವ ಸಪ್ಪಳ.