ಬದಲಿಗೆ ಬಂದವಳ ಅರ್ಜಿ

ಮುಂಬಯಿ ಪಕ್ಕದ ಠಾಣೆ ಊರಿನ ನಮ್ಮ ಬಿಲ್ಡಿಂಗಿನಲ್ಲಿ ಒಂದು ರೂಢಿ ಇದೆ. ಕೆಲಸದಾಕೆ, ಇಲ್ಲಿನ ಮಾತಿನಲ್ಲಿ ಬಾಯಿ, ರಜೆ ಹಾಕಿದರೆ ತನ್ನ ಬದಲಿ ಯಾರನ್ನಾದರೂ ಕಳಿಸಬೇಕು. ಇಲ್ಲವಾದರೆ ಆ ಮನೆಯ ಕೆಲಸ ಕೈತಪ್ಪುತ್ತದೆ. ನಮ್ಮ ಬಾಯಿ ಕಲಬುರಗಿ ಕಡೆಯವಳು. ಕಳವಾ ಸ್ಟೇಷನ್ನಿನ ಮೆಟ್ಟಿಲಲ್ಲಿ ಬಿದ್ದು ಕೈ ಮುರಿದುಕೊಂಡಾಗ ಮಗಳನ್ನೇ ಬದಲಿಗೆ ಕಳಿಸಿದಳು. ಎರಡು ತಿಂಗಳು ಹುಡುಗಿ ಬಂದಳು. ಚುರುಕು ಹುಡುಗಿ, ಬಿ.ಎಸ್ಸಿ. ಎರಡನೇ ವರ್ಷ. ಅವಳ ಇಂಗ್ಲಿಷನ್ನು ನಾನು ಹೊಗಳಿದ್ದೇ ಹೊಗಳಿದ್ದು. ಕಾಲೇಜು ಎಷ್ಟು ಗಂಟೆಗೆ ಎಂದು ಮಾತ್ರ ಒಂದು ದಿನವೂ ಕೇಳಲಿಲ್ಲ.

ಅಟೆಂಡೆನ್ಸ್ ಕಡಿಮೆಯಾಯಿತೆಂದು ಟ್ರಸ್ಟಿನವರು ಅವಳ ಸ್ಕಾಲರ್‌ಶಿಪ್ ನಿಲ್ಲಿಸಿದರು. ಒಂದು ವಾರದೊಳಗೆ ಅಪೀಲು ಹಾಕಬಹುದು. ಅದೂ ಹೋದರೆ ಓದು ಅಲ್ಲಿಗೇ ಮುಗಿದಂತೆ. ತಾಯಿ ಮಗಳು ನನ್ನ ಹತ್ತಿರ ಬಂದರು. ಕಾನ್ವೆಂಟಿನಲ್ಲಿ ಲೆಟರ್ ರೈಟಿಂಗಿಗೆ ಪ್ರೈಜ್ ತೆಗೆದುಕೊಂಡವಳು ನಾನು. ಮನೆಯ ಕಷ್ಟವನ್ನು ಹೊರಗೆ ಹರಡಬಾರದೆಂದು ಸಿಸ್ಟರ್‌ಗಳು ಕಲಿಸಿದ್ದರು. ಅದರಂತೆ 'ಅನ್‌ಅವಾಯ್ಡಬಲ್ ಡೊಮೆಸ್ಟಿಕ್ ಸರ್ಕಮ್‌ಸ್ಟಾನ್ಸಸ್' ಎಂದು ನಯವಾಗಿ ಬರೆದುಕೊಟ್ಟೆ.

ಹುಡುಗಿ ಓದಿ ಹಾಳೆಯನ್ನು ವಾಪಸ್ ಇಟ್ಟಳು. "ಆಜಿ, ಇದ್ರಾಗ ನಾ ಎಲ್ಲಿದ್ದೀನಿ? ನಿಮ್ಮ ಭಾಂಡಿ-ಪಾತ್ರೆ ತಿಕ್ಕತಿದ್ದೆ, ವಹೀ ಲಿಖೋ ನಾ, ಅದನ್ನ ಬರೀರಿ."

"ಬ್ಯಾಡ್ರಿ ಅಮ್ಮಾರ," ಎಂದಳು ತಾಯಿ. "ಕಾಲೇಜಿನ್ಯಾಗ ಪೋರಿಗಿ ನಗ್ತಾರ."

"ನಗ್ಲಿ, ಮಾ. ನಗೋರು ಫೀಸ್ ಕಟ್ತಾರ ಕ್ಯಾ?"

ನಾನು ಎದ್ದು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದೆ. ಬಾಯಿ ಬಾರದ ದಿನ ಅದರಲ್ಲಿ ಕಾಟು ಗುರುತು ಹಾಕುವ ಅಭ್ಯಾಸ ನನ್ನದು. ಆ ಎರಡು ತಿಂಗಳ ಹಾಳೆಗಳಲ್ಲಿ ಒಂದೇ ಒಂದು ಕಾಟು ಇರಲಿಲ್ಲ. ಎರಡನ್ನೂ ಹರಿದುಕೊಂಡೆ. ಅರ್ಜಿಯನ್ನು ಅವಳೇ ಬರೆದಳು, ಬೆಳಗ್ಗೆ ಆರರಿಂದ ಹನ್ನೊಂದರ ತನಕ ನಾಲ್ಕು ಮನೆ ಎಂದು ಸ್ಪಷ್ಟವಾಗಿ. ನಾನು ಸಾಕ್ಷಿಯ ಕಾಗದ ಬರೆದು ಕ್ಯಾಲೆಂಡರಿನ ಹಾಳೆಗಳನ್ನು ಅದಕ್ಕೆ ಪಿನ್ ಮಾಡಿದೆ.

ಟ್ರಸ್ಟಿನ ಕಮಿಟಿಯ ಮುಂದೆ ನಾನೂ ಹೋದೆ. ಕನ್ನಡಕದ ಸರ್ ಒಬ್ಬರು ನನ್ನ ಕಾಗದ ಎತ್ತಿ, "ಮ್ಯಾಡಮ್, ಇವಳು ಕ್ಲಾಸ್ ತಪ್ಪಿಸಿದ್ದು ನಿಮ್ಮಿಂದ ಅಂತ ನೀವೇ ಬರೆದಿದ್ದೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಮಂಡಿ ನೋವನ್ನೂ ಮರೆತು ಎದ್ದು ನಿಂತೆ. "ಯೆಸ್ ಸರ್. ಪಾರ್ಟ್ಲಿ. ಐ ನೆವರ್ ಆಸ್ಕ್ಡ್."

ಪಕ್ಕದ ಮ್ಯಾಡಮ್ ಹುಡುಗಿಯನ್ನು ಕೇಳಿದರು, "ಅಮ್ಮ ಮತ್ತೆ ಬಿದ್ದರೆ?"

ಹುಡುಗಿ ನನ್ನ ಕಡೆ ನೋಡಿ, ಇಂಗ್ಲಿಷಿನಲ್ಲೇ, "ಆಗ ಆಜಿ ತಮ್ಮ ಪಾತ್ರೆ ತಾವೇ ತೊಳೆದುಕೊಳ್ಳುತ್ತಾರೆ, ಮ್ಯಾಡಮ್," ಎಂದಳು. ಕನ್ನಡಕದವರೂ ನಕ್ಕರು. ನನಗೆ ಸಿಟ್ಟು ಬರಬೇಕಿತ್ತು. ಬದಲಿಗೆ, ನೋಡಿ, ಇವಳು ನಮ್ಮ ಮನೆಗೆ ಬರುವ ಹುಡುಗಿ ಎಂದು ಆ ರೂಮಿಗೆಲ್ಲ ಕೇಳುವಂತೆ ಹೇಳಬೇಕೆನಿಸಿತು.

ನಾಲ್ಕನೇ ದಿನ ಸ್ಕಾಲರ್‌ಶಿಪ್ ಮರಳಿ ಸಿಕ್ಕಿತು. ತಾಯಿಯ ಕೈಗೆ ಇನ್ನೂ ಬಲ ಬಂದಿಲ್ಲ. ಆದರೂ ಕೆಲಸಕ್ಕೆ ಬರುತ್ತಾಳೆ. ಕುಕ್ಕರು, ಬಾಣಲೆ ಈಗ ನನ್ನ ಪಾಲು.

"ತಳ ಇನ್ನಾ ಕರ್ರಗದರಿ ಅಮ್ಮಾರ," ಎಂದು ಪಕ್ಕದಲ್ಲೇ ನಿಂತು ಗದರುತ್ತಾಳೆ. ನಾನು ಇನ್ನೊಮ್ಮೆ ತಿಕ್ಕುತ್ತೇನೆ. ಬೆಳಗ್ಗೆ ಗಂಟೆ ಎಂಟು. ಹುಡುಗಿ ಈಗ ಕ್ಲಾಸಿನಲ್ಲಿರುತ್ತಾಳೆ.