ಕೂಡಿದರೆ ಮೂವತ್ತೆಂಟು

ಕಲ್ಲಿನ ಮೇಲೆ ಅಕ್ಷರ ಕೆತ್ತುವ ಮೇಸ್ತ್ರಿಗೆ ತನ್ನ ಕೆಲಸದಲ್ಲಿ ತಪ್ಪು ಹುಡುಕುವವರನ್ನು ಕಂಡರೆ ಆಗುತ್ತಿರಲಿಲ್ಲ. ಮನೆ ನಂಬರಿರಲಿ, ಸತ್ತವರ ಇಸವಿಯಿರಲಿ, ಕೆತ್ತಿದ ಮೇಲೆ ಅಂಕಿಗಳನ್ನೆಲ್ಲ ಕೂಡುತ್ತಿದ್ದ. ಮೊತ್ತ ಚೀಟಿಯ ಮೊತ್ತಕ್ಕೆ ತಾಳೆಯಾದರೆ ಮುಗಿಯಿತು, ಆಮೇಲೆ ಯಾರಪ್ಪ ಬಂದು ಹೇಳಿದರೂ ಒಪ್ಪುವ ಆಸಾಮಿಯಲ್ಲ. ಕಲ್ಲಿಗೆ ಪಾಲಿಶ್ ಹಾಕುವ ಹೆಂಡತಿಗೆ ಈ ಹೆಚ್ಚುಗಾರಿಕೆ ಕೇಳಿ ಕೇಳಿ ಸಾಕುಬೇಕಾಗಿತ್ತು.

ಲೆಕ್ಕದ ಟೀಚರಮ್ಮನ ಹಳೆಯ ವಿದ್ಯಾರ್ಥಿಗಳು ಶಾಲೆಯ ಅಂಗಳಕ್ಕೊಂದು ಕಲ್ಲಿನ ಬೆಂಚು ಮಾಡಿಸಿದರು. ಬೆನ್ನು ಆನಿಸುವ ಕಲ್ಲಿನ ಮೇಲೆ ಟೀಚರಮ್ಮನ ಹೆಸರು ಬೇಡ, ಅವರ ಮುದ್ದಿನ ಸಂಖ್ಯೆಯೇ ಇರಲಿ ಎಂದು ಚೀಟಿ ಕೊಟ್ಟರು: 73939133. ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆ ಅದು. ಬಲಗಡೆಯಿಂದ ಒಂದೊಂದೇ ಅಂಕಿ ಅಳಿಸುತ್ತ ಬಂದರೂ ಉಳಿದದ್ದು ಅವಿಭಾಜ್ಯವೇ, ಕೊನೆಗೆ ಉಳಿಯುವ ಏಳು ಕೂಡ. ಈ ಗುಣವಿರುವ ಸಂಖ್ಯೆಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಮೇಸ್ತ್ರಿ ಕೆತ್ತಿದ, ಕೂಡಿದ. ಮೂವತ್ತೆಂಟು, ಸರಿಹೋಯಿತು. ಉಜ್ಜುತ್ತಿದ್ದ ಹೆಂಡತಿಯ ಬೆರಳು ಒಂದು ಕಡೆ ನಿಂತಿತು.

“ರೀ, ಇಲ್ಲಿ ಒಂಬತ್ತು ಮೊದ್ಲು ಬರ್ಬೇಕಲ್ವಾ? ಒಂದು ಆಮೇಲೆ.”

ಗಿರಾಕಿಗಳು ಎದುರಿಗೇ ನಿಂತಿದ್ದರು. “ಕೂಡಿ ನೋಡು, ಮೂವತ್ತೆಂಟು ಬಂತೋ ಇಲ್ವೋ? ಲೆಕ್ಕ ನನಗೆ ಬಿಡು, ನೀನು ಉಜ್ಜು,” ಎಂದ. ಗಿರಾಕಿಗಳು ನಕ್ಕರು. ಅವಳು ತಲೆ ತಗ್ಗಿಸಿ ಉಜ್ಜಿದಳು.

ಬೆಂಚು ಕೂರಿಸಿದ ದಿನ ಅಂಗಳದ ತುಂಬ ಜನ. ಕಣ್ಣು ಮಂಜಾಗಿದ್ದ ಟೀಚರಮ್ಮ ಅಂಕಿಗಳನ್ನು ಬೆರಳಲ್ಲೇ ತಡವಿ ಓದಿದರು. ತರಗತಿಯ ಬೋರ್ಡಿನ ಮೇಲೆ ಮಾಡುತ್ತಿದ್ದ ಹಾಗೆ, ಬಲಗಡೆಯಿಂದ ಒಂದೊಂದೇ ಅಂಕಿಯನ್ನು ಅಂಗೈಯಲ್ಲಿ ಮುಚ್ಚುತ್ತ ಬಂದರು. ಐದು ಅಂಕಿ ಉಳಿದಾಗ ಕೈ ನಿಂತಿತು. ಅಲ್ಲಿ 73939 ಇರಬೇಕಿತ್ತು, ಇದ್ದದ್ದು 73931.

“ಇದು ಹನ್ನೊಂದರಿಂದ ಭಾಗ ಹೋಗುತ್ತಲ್ಲಪ್ಪ. ಅಂಕಿ ಅದಲುಬದಲಾಗಿದೆ.”

“ಕೂಡಿದ್ರೆ ಮೂವತ್ತೆಂಟೇ ಬರುತ್ತೆ, ಟೀಚರ್,” ಎಂದ ಮೇಸ್ತ್ರಿ.

“ಅಂಕಿ ಎಲ್ಲಿ ಕೂತ್ರೂ ಮೊತ್ತ ಅಷ್ಟೇ ಬರುತ್ತೆ. ಸಂಖ್ಯೆ ಮಾತ್ರ ಬೇರೆಯಾಗುತ್ತೆ,” ಎಂದರು ಟೀಚರಮ್ಮ, ಮೆತ್ತಗೆ.

ಮೇಸ್ತ್ರಿಯ ಮುಖ ಇಷ್ಟಗಲವಿದ್ದದ್ದು ಇಷ್ಟಾಯಿತು. ತಪ್ಪಾಯಿತೆಂದು ಅಲ್ಲಿಗೇ ಸುಮ್ಮನಾಗಿದ್ದರೆ ಅಷ್ಟಾದರೂ ಮಾನ ಉಳಿಯುತ್ತಿತ್ತು. ಆದರೆ ಎಲ್ಲರ ಕಣ್ಣೂ ತನ್ನ ಮೇಲಿತ್ತು.

“ನನ್ನ ಹೆಂಡ್ತಿ ಓದಿ ಹೇಳಿದ್ಳು, ನಾನು ಕೆತ್ತಿದೆ. ಪಾಪ, ಅವಳಿಗೆ ಇದೆಲ್ಲ ಗೊತ್ತಾಗಲ್ಲ.”

ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಜನ ಅವಳ ಕಡೆ ತಿರುಗಿದರು. ಅವಳು ಗಂಡನ ಮುಖವನ್ನೊಮ್ಮೆ ನೋಡಿ, ಅಂಗಡಿಯ ಕಡೆ ಹೊರಟಳು.

ಅವಳ ಜೊತೆ ಹೆಜ್ಜೆ ಹಾಕಲು ಮುಖವಿಲ್ಲದೆ ಮೇಸ್ತ್ರಿ ದಾರಿಯುದ್ದಕ್ಕೂ ಹಿಂದೆಯೇ ಬಂದ. ಅವಳು ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂಗಡಿಯಲ್ಲಿ ಬೆಂಚಿಗೆಂದು ಹೊಸ ಕಲ್ಲನ್ನು ಮೇಜಿಗೇರಿಸಿ ಉಳಿ ಹಿಡಿದ. ತಪ್ಪಾಯ್ತು ಎನ್ನಲು ಬಾಯಿ ತೆರೆದವನು ನಾಚಿಕೆಯಿಂದ ಉಳಿಯ ಮೊನೆ ಒರೆಸತೊಡಗಿದ.

ಹೆಂಡತಿ ಸ್ಟೂಲು ಎಳೆದುಕೊಂಡು ಕುಳಿತು ಚೀಟಿ ಕೈಗೆತ್ತಿಕೊಂಡಳು.

“ಈ ಸಲ ನಿಜವಾಗ್ಲೂ ನಾನೇ ಓದಿ ಹೇಳ್ತೀನಿ,” ಎಂದಳು. “ಏಳು.”